ಹದಿನೇಳು ಒಂಟೆಗಳ ಒಗಟೂ ಸಂವಿಭಾಗದ ಅರ್ಥವೂ

ಒಬ್ಬ ಗೃಹಸ್ಥನಿಗೆ ಮೂವರು ಗಂಡುಮಕ್ಕಳು. ಅವನು ಬಿಟ್ಟುಹೋದ ಆಸ್ತಿ 17 ಒಂಟೆಗಳು. ಹಿರಿಯನಿಗೆ ಅರ್ಧ, ನಡುವಿನವನಿಗೆ ಮೂರರಲ್ಲಿ ಒಂದು, ಕಿರಿಯನಿಗೆ ಒಂಬತ್ತರಲ್ಲಿ ಒಂದು ಪಾಲು ಸಲ್ಲಬೇಕೆಂಬುದು ಆತನ ಉಯಿಲು. 17ನ್ನು ಎರಡರಿಂದಾಗಲಿ, ಮೂರರಿಂದಾಗಲಿ, ಒಂಬತ್ತರಿಂದಾಗಲಿ ಭಾಗಿಸಿದರೆ ಪೂರ್ಣಸಂಖ್ಯೆ ಬಾರದು. ಮಕ್ಕಳು ಜಗಳಕ್ಕೆ ನಿಂತರು. ಆಗ ನೆರೆಮನೆಯ ವೃದ್ಧನೊಬ್ಬನು ತನ್ನ ಒಂಟೆಯನ್ನು ತಂದು ಅವರ ಹಿಂಡಿನಲ್ಲಿ ಸೇರಿಸಿದನು. ಈಗ 18 ಆಯಿತು. ಹಿರಿಯನಿಗೆ 9, ನಡುವಿನವನಿಗೆ 6, ಕಿರಿಯನಿಗೆ 2; ಒಟ್ಟು 17. ಉಳಿದ ಒಂದನ್ನು ವೃದ್ಧನು ಹಗ್ಗ ಹಿಡಿದು ತನ್ನ ಮನೆಗೆ ನಡೆಸಿಕೊಂಡು ಹೋದನು.

ಈ ಕಥೆಯನ್ನು ಕೇಳದವರು ವಿರಳ. ಒಂಟೆಯ ಬದಲು ಆನೆಯೆಂದೋ ಕುದುರೆಯೆಂದೋ ಹೇಳುವವರೂ ಉಂಟು. ಕೇಳಿದವರು ವೃದ್ಧನ ಜಾಣ್ಮೆಗೆ ತಲೆದೂಗಿ ಅಲ್ಲಿಗೇ ಬಿಡುತ್ತಾರೆ. ಆದರೆ ಕಿರ್ದಿ-ಖಾತೆ ಬರೆದು ರೂಢಿಯಿರುವವನಿಗೆ ಇಲ್ಲೊಂದು ಸಂಶಯ ಏಳಲೇಬೇಕು. ತಂದ ಒಂಟೆ ಮರಳಿ ಹೋಯಿತು, ಜಮಾ-ಖರ್ಚು ತಾಳೆಯಾಯಿತು. ಹಾಗಿದ್ದೂ ಮೂವರಿಗೂ ಉಯಿಲಿನಲ್ಲಿ ಬರೆದುದಕ್ಕಿಂತ ಹೆಚ್ಚೇ ದೊರೆತಿದೆ. 17ರ ಅರ್ಧ ಎಂಟೂವರೆ. ಹಿರಿಯನು ಒಂಬತ್ತನ್ನು ಪಡೆದನು. ನಡುವಿನವನಿಗೆ ಆರಕ್ಕಿಂತ ಕಡಿಮೆ ಸಲ್ಲಬೇಕಿತ್ತು, ಕಿರಿಯನಿಗೆ ಎರಡಕ್ಕಿಂತ ಕಡಿಮೆ. ಯಾರಿಗೂ ನಷ್ಟವಾಗದೆ ಎಲ್ಲರಿಗೂ ಲಾಭವಾದ ವ್ಯವಹಾರವನ್ನು ಕಂಡಾಗ ಲೆಕ್ಕ ಪರಿಶೋಧಕನು ಪುಸ್ತಕವನ್ನು ಮತ್ತೊಮ್ಮೆ ತೆರೆದು ನೋಡುತ್ತಾನೆ.

ತೆರೆದು ನೋಡಿದರೆ ಗುಟ್ಟು ಅಲ್ಲಿಯೇ ಇದೆ. ಅರ್ಧವೆಂದರೆ ಹದಿನೆಂಟರಲ್ಲಿ 9, ಮೂರರಲ್ಲೊಂದು ಎಂದರೆ ಹದಿನೆಂಟರಲ್ಲಿ 6, ಒಂಬತ್ತರಲ್ಲೊಂದು ಎಂದರೆ ಹದಿನೆಂಟರಲ್ಲಿ 2. ಕೂಡಿದರೆ 17/18. ತಂದೆಯು ಆಸ್ತಿಯನ್ನು ಪೂರ್ತಿಯಾಗಿ ಹಂಚಿಯೇ ಇರಲಿಲ್ಲ. ಹದಿನೆಂಟರಲ್ಲಿ ಒಂದು ಪಾಲು ಯಾರ ಹೆಸರಿಗೂ ಬರೆಯದೆ ಉಳಿದಿತ್ತು. ಮೂವರಿಗೆ ದೊರೆತ ಹೆಚ್ಚಳವೆಲ್ಲ ಆ ಉಳಿಕೆಯಿಂದ ಬಂದುದು. ಹಾಗಾದರೆ ಆ ಉಳಿಕೆ ಯಾರದು? ಒಗಟನ್ನು ಹೇಳುವವರು ಈ ಪ್ರಶ್ನೆಯನ್ನು ಕೇಳುವುದಿಲ್ಲ. 9ನೆಯ ಶತಮಾನದ ಕನ್ನಡ ನಾಡಿನಲ್ಲಿ ರಚಿತವಾದ ಎರಡು ಜೈನ ಗ್ರಂಥಗಳನ್ನು ಎದುರಿಗಿಟ್ಟುಕೊಂಡವರಿಗೆ ಮಾತ್ರ ಕೇಳದೆ ಇರಲಾಗದು.

ಮೊದಲು ಒಗಟಿನ ಪೂರ್ವಚರಿತ್ರೆ. ಇಟಲಿಯ 16ನೆಯ ಶತಮಾನದ ಗಣಿತಜ್ಞ ತಾರ್ತಾಲ್ಯನ ಹೆಸರಿಗೆ ಇದನ್ನು ಹಚ್ಚುವ ವಾಡಿಕೆಯಿತ್ತು, ಅದಕ್ಕೆ ಆಧಾರವಿಲ್ಲ. ಈವರೆಗೆ ಗೊತ್ತಾಗಿರುವ ಅತ್ಯಂತ ಹಳೆಯ ಲಿಖಿತ ರೂಪ 18ನೆಯ ಶತಮಾನದ ಇರಾನಿನ ತತ್ತ್ವಜ್ಞ ಮುಲ್ಲಾ ಮಹಮ್ಮದ್ ಮಹ್ದಿ ನರಾಕಿಯ ಕೃತಿಯಲ್ಲಿದೆ. ಮುಸ್ಲಿಂ ಪರಂಪರೆಯಲ್ಲಿ ಇದು ಹಜರತ್ ಅಲಿಯವರ ನ್ಯಾಯತೀರ್ಮಾನವೆಂದು ಪ್ರಚಲಿತವಾಗಿದೆ. ಪ್ರವಾಸಿಗರ ಮೂಲಕ 1850ರ ಹೊತ್ತಿಗೆ ಇದು ಇಂಗ್ಲಿಷ್ ಓದುಗರನ್ನು ಮುಟ್ಟಿತು. 1872ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಜಾದೂ ಪುಸ್ತಕವೊಂದರಲ್ಲಿ ಒಂಟೆಗಳು ಆನೆಗಳಾದವು. ಬ್ರೆಜಿಲ್ ದೇಶದಲ್ಲಿ ಮಲ್ಬಾ ತಹಾನ್ ಎಂಬ ಕಾವ್ಯನಾಮದಿಂದ ಬರೆದ ಗಣಿತದ ಅಧ್ಯಾಪಕನೊಬ್ಬನು 1938ರಲ್ಲಿ ಪ್ರಕಟಿಸಿದ ಕಥೆಯಲ್ಲಿ 35 ಒಂಟೆಗಳಿವೆ. ಜೊತೆಗಾರನ ಒಂದನ್ನು ಸೇರಿಸಿ 36 ಮಾಡಿ, 18, 12, 4 ಎಂದು ಹಂಚಿದಾಗ ಎರಡು ಉಳಿಯುತ್ತವೆ. ಒಂದು ಒಡೆಯನಿಗೆ ಮರಳುತ್ತದೆ. ಇನ್ನೊಂದು ಲೆಕ್ಕ ಬಿಡಿಸಿದವನ ಪಾಲಾಗುತ್ತದೆ. ಪೇಟೆಯಲ್ಲಿ ಇದಕ್ಕೆ ದಲಾಲಿ ಎನ್ನುತ್ತಾರೆ.

ಒಗಟು ಹೊಸದಾದರೂ ಅದರ ಬೆನ್ನೆಲುಬಾದ ಗಣಿತವು ಬಹು ಪ್ರಾಚೀನ. ಕ್ರಿಸ್ತಪೂರ್ವ 1550ರ ಸುಮಾರಿಗೆ ಈಜಿಪ್ಟಿನ ಲಿಪಿಕಾರ ಅಹ್ಮೆಸನು ನಕಲು ಮಾಡಿದ, ಇಂದು ರಿಂಡ್ ಪಪೈರಸ್ ಎಂದು ಹೆಸರಾದ ಸುರುಳಿಯ 63ನೆಯ ಲೆಕ್ಕದಲ್ಲಿ 700 ರೊಟ್ಟಿಗಳನ್ನು ನಾಲ್ವರಿಗೆ 2/3, 1/2, 1/3, 1/4 ಎಂಬ ಪಾಲುಗಳಲ್ಲಿ ಹಂಚಬೇಕಾಗಿದೆ. ಕೂಡಿದರೆ ಒಂದೂಮುಕ್ಕಾಲು ಆಗುತ್ತದೆ. ಇರುವುದಕ್ಕಿಂತ ಬರೆದ ಪಾಲೇ ಹೆಚ್ಚು. ಅಲ್ಲಿ ಪಾಲು ಎಂದರೆ ಇಡಿಯ ತುಂಡು ಎಂಬರ್ಥವಿಲ್ಲ, ಒಬ್ಬನಿಗೂ ಇನ್ನೊಬ್ಬನಿಗೂ ಇರಬೇಕಾದ ಪ್ರಮಾಣ ಎಂಬರ್ಥ. ಇದೇ ಬಗೆಯ ಲೆಕ್ಕವು ಸುಮಾರು 850ರಲ್ಲಿ ಮಹಾವೀರಾಚಾರ್ಯರು ರಚಿಸಿದ ಗಣಿತಸಾರಸಂಗ್ರಹದ ಮಿಶ್ರಕ ವ್ಯವಹಾರದಲ್ಲಿ ಬರುತ್ತದೆ. 120 ಹೊನ್ನನ್ನು ನಾಲ್ವರು ಊಳಿಗದವರಿಗೆ 1/2, 1/3, 1/4, 1/6 ಎಂದು ಹಂಚಬೇಕು. ಛೇದಗಳನ್ನು ಸಮಮಾಡಿ ಅಂಶಗಳನ್ನಷ್ಟೇ ಇಟ್ಟುಕೊಂಡರೆ 6, 4, 3, 2, ಕೂಡಿದರೆ 15. 120ನ್ನು 15ರಿಂದ ಭಾಗಿಸಿದರೆ 8. ಆದುದರಿಂದ 48, 32, 24, 16. ಆಚಾರ್ಯರು ಇದನ್ನು ಪ್ರಕ್ಷೇಪಕ ಎಂದು ಕರೆದರು. ಪಾಲುದಾರಿಕೆಯ ಅಂಗಡಿಗಳಲ್ಲಿ ಬಂಡವಾಳಕ್ಕೆ ತಕ್ಕಂತೆ ಲಾಭವನ್ನು ಹಂಚುವುದೂ ಇದೇ ಕ್ರಮದಲ್ಲಿ. ಈ ವಿಧಾನವನ್ನು ಒಂಟೆಗಳಿಗೆ ಹಚ್ಚಿದರೆ 9, 6, 2 ಎಂಬ ಅಂಶಗಳೇ ನೇರವಾಗಿ ಉತ್ತರವಾಗುತ್ತವೆ. ನೆರೆಯವನು ತನ್ನ ಕೊಟ್ಟಿಗೆಯ ಬಾಗಿಲು ತೆರೆಯಬೇಕಾಗಿಯೇ ಇರಲಿಲ್ಲ.

ಮಹಾವೀರಾಚಾರ್ಯರು ಮಾನ್ಯಖೇಟದ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ (814–878) ಕಾಲದವರು. ಗ್ರಂಥಾರಂಭದಲ್ಲಿಯೇ ಆ ಅರಸನನ್ನು ಸ್ತುತಿಸಿದ್ದಾರೆ. ಅವರ ಕೃತಿಯನ್ನು 11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ತೆಲುಗಿಗೆ ತಂದನು. ಕನ್ನಡದಲ್ಲಿ 12ನೆಯ ಶತಮಾನದ ಜೈನ ಕವಿ ರಾಜಾದಿತ್ಯನು ವ್ಯವಹಾರಗಣಿತ ಮುಂತಾದ ಕೃತಿಗಳನ್ನು ರಚಿಸಿದನು. ಮುಂದೆ ಗಣಿತಸಾರಸಂಗ್ರಹವು ವಿದ್ವಲ್ಲೋಕಕ್ಕೆ ಬಹುಮಟ್ಟಿಗೆ ಮರೆಯಾಗಿ, 1912ರಲ್ಲಿ ಮದರಾಸಿನಲ್ಲಿ ಪ್ರೊ. ಎಂ. ರಂಗಾಚಾರ್ಯರ ಸಂಪಾದಕತ್ವದಲ್ಲಿ ಇಂಗ್ಲಿಷ್ ಅನುವಾದದೊಡನೆ ಅಚ್ಚಾಯಿತು. ಅವರಿಗೆ ಒದಗಿದ ಪ್ರತಿಗಳಲ್ಲಿ ಕನ್ನಡ ಲಿಪಿಯವೂ ಇದ್ದವು. ಒಂದು ಮೂಡುಬಿದಿರೆಯ ಓಲೆಗರಿಯಿಂದ ಇಳಿಸಿಕೊಂಡದ್ದು. ಬಸದಿಗಳ ಭಂಡಾರದಲ್ಲಿ ಯಾರೋ ಶಾಸ್ತ್ರದಾನವೆಂದು ಬರೆಯಿಸಿ ಇಟ್ಟ ಓಲೆಗಳು ನೂರಾರು ವರ್ಷಗಳ ಮೇಲೆ ಕೆಲಸಕ್ಕೆ ಬಂದವು. 2000ದಲ್ಲಿ ಹೊಂಬುಜದ ಸಿದ್ಧಾಂತಕೀರ್ತಿ ಗ್ರಂಥಮಾಲೆಯಿಂದ ಕನ್ನಡ ಅನುವಾದವೂ ಬಂದಿದೆ.

ಈ ಗ್ರಂಥದ ಕಲಾಸವರ್ಣ ಪ್ರಕರಣದಲ್ಲಿ, ಅಂದರೆ ಭಿನ್ನರಾಶಿಗಳ ಅಧ್ಯಾಯದಲ್ಲಿ, ಒಂದು ಅಪೂರ್ವ ಸೂತ್ರವಿದೆ. ಅಂಶವು 1 ಆಗಿರುವ ಕೆಲವು ಭಿನ್ನಗಳನ್ನು ಕೂಡಿದರೆ ಮೊತ್ತವು ಸರಿಯಾಗಿ ಒಂದೇ ಆಗಬೇಕು. ಛೇದಗಳನ್ನು ಕಂಡುಹಿಡಿಯುವುದು ಹೇಗೆ? ಒಂದರಿಂದ ತೊಡಗಿ ಮೂರರಿಂದ ಗುಣಿಸುತ್ತ ಹೋಗಬೇಕು. ಬಳಿಕ ಮೊದಲನೆಯದನ್ನು 2ರಿಂದಲೂ ಕಡೆಯದನ್ನು 2/3ರಿಂದಲೂ ಗುಣಿಸಬೇಕು. ನಾಲ್ಕು ಭಿನ್ನಗಳು ಬೇಕೆಂದಿಟ್ಟುಕೊಳ್ಳೋಣ. ಬರೆಯಬೇಕಾದುದು 1, 3, 9, 27. ಮೊದಲನೆಯದು 2 ಆಗುತ್ತದೆ, ಕಡೆಯದು 18. ಆಗ ದೊರೆಯುವ ಭಿನ್ನಗಳು 1/2, 1/3, 1/9, 1/18.

ವಾಚಕರು ಇಲ್ಲಿ ಒಂದು ಗಳಿಗೆ ನಿಲ್ಲಬೇಕು. ಮೊದಲ ಮೂರು, ಒಂಟೆಗಳ ಉಯಿಲಿನಲ್ಲಿರುವ ಪಾಲುಗಳೇ. ನಾಲ್ಕನೆಯದು ಉಯಿಲಿನಲ್ಲಿ ಇಲ್ಲದ ಪಾಲು. ಸೂತ್ರದ ಕಡೆಯ ಪದವನ್ನು ಅಳಿಸಿಹಾಕಿ ಉಳಿದುದನ್ನು ಕಥೆಯಾಗಿ ಹೆಣೆದರೆ ಈ ಒಗಟು ಸಿದ್ಧವಾಗುತ್ತದೆ. ಹಾಗೆಂದು ಒಗಟು ಗಣಿತಸಾರಸಂಗ್ರಹದಿಂದಲೇ ಹುಟ್ಟಿತೆಂದು ಹೇಳುವುದು ಸಲ್ಲದು. ಆ ಗ್ರಂಥದಲ್ಲಿ ಸಾಲದ ಒಂಟೆಯ ಕಥೆಯಿಲ್ಲ. ಮಾನ್ಯಖೇಟದಿಂದ ಇರಾನಿಗೆ ಈ ಸೂತ್ರ ಸಾಗಿತೆಂಬುದಕ್ಕೆ ಸಾಕ್ಷ್ಯವೂ ಇಲ್ಲ. ನಮ್ಮವರ ಹಿರಿಮೆಯನ್ನು ಸಾರುವ ಉತ್ಸಾಹದಲ್ಲಿ ಇಲ್ಲದ ಸಂಬಂಧವನ್ನು ಕಲ್ಪಿಸುವುದು ಸತ್ಯಾಣುವ್ರತಕ್ಕೆ ಹೊಂದುವ ಕೆಲಸವಲ್ಲ. ಆಚಾರ್ಯರು ನಾಲ್ಕನೆಯ ಪಾಲನ್ನು ಕಾಣಿಸಿದ್ದಾರೆ ಎಂಬಷ್ಟೇ ಸಾಕು.

ಇನ್ನೊಂದು ಸಂಗತಿಯೂ ಗಮನಾರ್ಹ. 120 ಹೊನ್ನನ್ನು ಎಷ್ಟು ಸಣ್ಣದಾಗಿ ಬೇಕಾದರೂ ತುಂಡರಿಸಬಹುದು, ರೊಟ್ಟಿಯನ್ನೂ ಮುರಿಯಬಹುದು. ಒಂಟೆಯನ್ನು ಅರ್ಧ ಮಾಡಲಾಗದು. ಆಸ್ತಿಯು ಪಂಚೇಂದ್ರಿಯ ಜೀವವಾದುದರಿಂದಲೇ ಈ ಕಥೆಯಲ್ಲಿ ಒಗಟು ಹುಟ್ಟಿತು. ಉಯಿಲಿನ ಅಕ್ಷರವನ್ನು ಹಿಡಿದು ನಡೆದಿದ್ದರೆ ಮೂವರಿಗಾಗಿ ಒಂದೊಂದು ಒಂಟೆಗೆ ಕತ್ತಿ ಬೀಳಬೇಕಿತ್ತು. ಒಗಟನ್ನು ಹೇಳಿದವನ ಮನಸ್ಸಿನಲ್ಲಿ ಅಹಿಂಸೆಯ ವಿಚಾರವಿತ್ತೋ ಇಲ್ಲವೋ, ಕಥೆ ಮಾತ್ರ ಪ್ರಾಣಿವಧೆಯನ್ನು ಮಾತಿಗೂ ತಾರದೆ ಮುಂದುವರಿಯುತ್ತದೆ.

ಈಗ ನೆರೆಯ ವೃದ್ಧನ ವಿಚಾರ. ಅವನು ಕೊಟ್ಟನು, ಮರಳಿ ಪಡೆದನು. ಇದು ದಾನವಾಯಿತೆ? ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಹೇಳುವ ಲಕ್ಷಣದಂತೆ, ಅನುಗ್ರಹಕ್ಕಾಗಿ ತನ್ನ ವಸ್ತುವಿನ ಮೇಲಿನ ಸ್ವಾಮ್ಯವನ್ನು ಬಿಡುವುದೇ ದಾನ. ವೃದ್ಧನ ಸ್ವಾಮ್ಯ ಹೋಗಲಿಲ್ಲ. ಆದುದರಿಂದ ಇದು ದಾನವಲ್ಲ, ಉಪಕಾರ. ಜೀವಗಳು ಒಂದಕ್ಕೊಂದು ಒದಗುವವೆಂದು ಅದೇ ಗ್ರಂಥದ ಐದನೆಯ ಅಧ್ಯಾಯ ಹೇಳುವುದಷ್ಟೆ. ವೃದ್ಧನ ಕೆಲಸವನ್ನು ಆ ಸಾಲಿನಲ್ಲಿ ಇರಿಸಬಹುದು. ಆದರೆ ಹಿಂಡಿನೊಳಗೆ ತನ್ನ ಒಂಟೆಯನ್ನು ಬಿಡುವ ಗಳಿಗೆಯಲ್ಲಿ ಅವನು ಹೋದರೆ ಹೋಗಲಿ ಎಂದುಕೊಂಡಿದ್ದನೋ, ಮರಳಿ ಬರುವುದೆಂದು ಲೆಕ್ಕ ಹಾಕಿಯೇ ಬಿಟ್ಟನೋ ಕಥೆ ಹೇಳುವುದಿಲ್ಲ. ಭಾವಕ್ಕೆ ಬೆಲೆಕೊಡುವ ಜೈನಧರ್ಮದಲ್ಲಿ ಇವೆರಡೂ ಒಂದೇ ಅಲ್ಲ.

ಶ್ರಾವಕರ ಹನ್ನೆರಡು ವ್ರತಗಳಲ್ಲಿ ಕಡೆಯದು ಅತಿಥಿಸಂವಿಭಾಗ. ವಿಭಾಗವೆಂದರೆ ಪಾಲು ಮಾಡುವುದು; ಸಂ ಎಂಬ ಉಪಸರ್ಗ ಸೇರಿದಾಗ ಸಮೀಚೀನವಾದ, ಯೋಗ್ಯವಾದ ಪಾಲು. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಅತಿಥಿ ಶಬ್ದವನ್ನು ವಿವರಿಸುತ್ತ, ಸಂಯಮಕ್ಕೆ ಭಂಗತಾರದೆ ನಡೆಯುವವನು ಎಂದೂ, ಬರುವುದಕ್ಕೆ ಇಂಥದೇ ತಿಥಿಯೆಂಬ ನಿಯಮವಿಲ್ಲದವನು ಎಂದೂ ಅರ್ಥಮಾಡಿದ್ದಾರೆ. ಅವನಿಗೆ ಸಲ್ಲಬೇಕಾದ ಆಹಾರ, ಉಪಕರಣ, ಔಷಧ, ವಸತಿಗಳನ್ನು ಹೇಳಿದ್ದಾರೆ. ತಿಥಿ ಗೊತ್ತಿಲ್ಲದವನಿಗೆ ಪಾಲು ಸಿದ್ಧವಾಗಿರಬೇಕಾದರೆ ಮನೆಯ ಅನ್ನವನ್ನು ಮನೆಯವರಿಗೇ ಪೂರ್ತಿಯಾಗಿ ಲೆಕ್ಕಹಾಕಿ ಬೇಯಿಸುವಂತಿಲ್ಲ. ಮುನಿಗಳ ಆಹಾರಕ್ಕೆಂದೇ ಬೇರೆ ಅಡುಗೆ ಮಾಡಿದರೆ ಅದು ಉದ್ದಿಷ್ಟ ದೋಷ. ಅದಕ್ಕಾಗಿಯೇ ಸದ್ಗೃಹಸ್ಥನ ಅಡುಗೆಯಲ್ಲಿ, ಹೆಸರು ಬರೆಯದ ಒಂದು ಪಾಲು ತಾನಾಗಿಯೇ ಇರಬೇಕಾಗುತ್ತದೆ.

ಈ ವ್ರತಕ್ಕೆ ಸೂತ್ರಕಾರರು ಹೇಳಿದ ಐದು ಅತಿಚಾರಗಳಲ್ಲಿ ಮಾತ್ಸರ್ಯವೂ ಒಂದು: ಇತರ ದಾನಿಗಳ ಮೇಲಿನ ಅಸೂಯೆಯಿಂದಲೋ ಅನಾದರದಿಂದಲೋ ಕೊಡುವುದು. ಇದನ್ನು ತಿಳಿಯಲು ಇನ್ನೊಂದು ಹಳೆಯ ಒಗಟು ನೆರವಾಗುತ್ತದೆ. ಇಟಲಿಯ ಪೀಸಾ ನಗರದ ಲಿಯೊನಾರ್ಡೊ, ಅಂದರೆ ಫಿಬೊನಾಚಿ, ವರ್ತಕರ ಊರಾದ ಉತ್ತರ ಆಫ್ರಿಕದ ಬುಜಿಯಾದಲ್ಲಿ ಭಾರತೀಯ ಅಂಕಿಗಳನ್ನು ಕಲಿತು 1202ರಲ್ಲಿ ಬರೆದ ಗ್ರಂಥದಲ್ಲಿ ಇದಿದೆ. ಇಬ್ಬರು ದಾರಿಹೋಕರು, ಒಬ್ಬನ ಬಳಿ 3 ರೊಟ್ಟಿ, ಮತ್ತೊಬ್ಬನ ಬಳಿ 2. ಬುಗ್ಗೆಯ ಬಳಿ ಉಣ್ಣಲು ಕುಳಿತಾಗ ಹಾದುಹೋಗುತ್ತಿದ್ದ ಸೈನಿಕನನ್ನು ಕರೆದರು. ಮೂವರೂ ಸಮನಾಗಿ ಉಂಡರು. ಸೈನಿಕನು 5 ನಾಣ್ಯಗಳನ್ನಿಟ್ಟು ಹೊರಟುಹೋದನು. ಒಬ್ಬನು ಮೂರನ್ನು, ಮತ್ತೊಬ್ಬನು ಎರಡನ್ನು ತೆಗೆದುಕೊಂಡರು. ಸರಿಯೇ? ತಪ್ಪು ಎನ್ನುತ್ತಾನೆ ಫಿಬೊನಾಚಿ. ಪ್ರತಿ ರೊಟ್ಟಿಯನ್ನು ಮೂರು ತುಂಡು ಮಾಡಿದರೆ 15 ತುಂಡು; ಒಬ್ಬೊಬ್ಬನು ಉಂಡದ್ದು 5. ಮೊದಲನೆಯವನು ತಂದ 9 ತುಂಡುಗಳಲ್ಲಿ 5ನ್ನು ತಾನೇ ಉಂಡು 4ನ್ನು ಸೈನಿಕನಿಗೆ ಕೊಟ್ಟನು. ಎರಡನೆಯವನು ತಂದ 6ರಲ್ಲಿ 5ನ್ನು ಉಂಡು ಒಂದನ್ನು ಕೊಟ್ಟನು. ನ್ಯಾಯವಾದ ಹಂಚಿಕೆ 4 ಮತ್ತು 1. ಐದು ಮತ್ತು ಮೂರು ರೊಟ್ಟಿಗಳ, ಎಂಟು ನಾಣ್ಯಗಳ ರೂಪದಲ್ಲಿ ಇದೇ ಲೆಕ್ಕವು ಹಜರತ್ ಅಲಿಯವರ ಹೆಸರಿನಲ್ಲಿಯೂ ಇದೆ. ಅಲ್ಲಿ ಮೂರು ರೊಟ್ಟಿ ತಂದವನು ತನಗೆ ಸಲುವಳಿಯಾದ ಮೂರು ನಾಣ್ಯ ಸಾಲದೆಂದು ಅರ್ಧಕ್ಕೆ ಪಟ್ಟುಹಿಡಿದು, ನ್ಯಾಯ ಕೇಳಿ, ಒಂದನ್ನೇ ಪಡೆಯುತ್ತಾನೆ.

ತಂದದ್ದು ಬೇರೆ, ಕೊಟ್ಟದ್ದು ಬೇರೆ ಎಂಬ ಈ ಲೆಕ್ಕ ಬಸದಿಗಳ ಆಡಳಿತ ಮಂಡಳಿಗಳಿಗೆ ಅಪರಿಚಿತವಾಗಬಾರದು. ದಾನಿಗಳ ಫಲಕದಲ್ಲಿ ಕೆತ್ತುವುದು ತಂದ ರೊಟ್ಟಿಗಳ ಸಂಖ್ಯೆಯನ್ನು. ಪಂಚಕಲ್ಯಾಣದ ಸವಾಲಿನಲ್ಲಿ ಪಕ್ಕದವನನ್ನು ಮೀರಿಸಬೇಕೆಂದು ಕೂಗಿದ ಮೊತ್ತದಲ್ಲಿ, ಕೂಗಿದವನು ತಾನೇ ಉಂಡ ತುಂಡುಗಳೆಷ್ಟು ಎಂಬುದನ್ನು ಯಾವ ಫಲಕವೂ ಹೇಳಲಾರದು. ಬುಗ್ಗೆಯ ಬಳಿ ಕುಳಿತ ಇಬ್ಬರಿಗೂ ನಾಣ್ಯಗಳು ಬರುವ ತನಕ ಜಗಳವಿರಲಿಲ್ಲ ಎಂಬುದನ್ನೂ ಮರೆಯಬಾರದು. ಅತಿಥಿಯು ಬೆಲೆ ಕೊಟ್ಟಾಗ ಸಂವಿಭಾಗವು ವ್ಯಾಪಾರವಾಯಿತು.

ಒಂಟೆಗಳ ಉಳಿಕೆ ಯಾರದು ಎಂಬ ಪ್ರಶ್ನೆಗೆ ಮರಳೋಣ. ಅಮೋಘವರ್ಷನಿಗೆ ಗುರುಗಳೆನಿಸಿದ್ದ ಜಿನಸೇನಾಚಾರ್ಯರು ಆದಿಪುರಾಣವನ್ನು ರಚಿಸಿದರು. 941ರಲ್ಲಿ ಪಂಪನು ಕನ್ನಡದಲ್ಲಿ ಹಾಡಿದುದು ಈ ಕಥೆಯನ್ನೇ. ಅದರ 38ನೆಯ ಪರ್ವದಲ್ಲಿ ಗೃಹಸ್ಥನ ಕ್ರಿಯೆಗಳ ನಿರೂಪಣೆಯಿದೆ. ಕೊಡುವಿಕೆಯನ್ನು ಅಲ್ಲಿ ದಯಾದತ್ತಿ, ಪಾತ್ರದತ್ತಿ, ಸಮದತ್ತಿ, ಅನ್ವಯದತ್ತಿ ಎಂದು ನಾಲ್ಕು ಬಗೆಯಾಗಿ ಹೇಳಿದೆ. ಕಡೆಯದು ಮನೆತನದ ಮುಂದುವರಿಕೆಗಾಗಿ ಮಗನಿಗೆ ಎಲ್ಲವನ್ನೂ ಒಪ್ಪಿಸುವುದು. ಅಂದರೆ ಜಿನಸೇನರ ದೃಷ್ಟಿಯಲ್ಲಿ ಉತ್ತರಾಧಿಕಾರವೂ ಒಂದು ದತ್ತಿಯೇ. ಮಕ್ಕಳು ಕಿತ್ತುಕೊಳ್ಳುವ ಹಿಸ್ಸೆಯಲ್ಲ. ಗೃಹತ್ಯಾಗಕ್ಕೆ ಹೊರಟವನು ಹಿರಿಯ ಮಗನನ್ನು ಕರೆದು ಆಸ್ತಿಯನ್ನು ಮೂರು ಭಾಗ ಮಾಡುವಂತೆ ತಿಳಿಸುತ್ತಾನೆ. ಒಂದು ಭಾಗ ಧರ್ಮಕಾರ್ಯಕ್ಕೆ. ಎರಡನೆಯದು ಮನೆಯ ಖರ್ಚಿಗೆ. ಮೂರನೆಯದನ್ನು ಮಕ್ಕಳು ಸಮನಾಗಿ ಹಂಚಿಕೊಳ್ಳಬೇಕು. ಹೆಣ್ಣುಮಕ್ಕಳೂ ಗಂಡುಮಕ್ಕಳೊಡನೆ ಸಮಾನ ಅಂಶಕ್ಕೆ ಅರ್ಹರೆಂದು ಆಚಾರ್ಯರು ಸ್ಪಷ್ಟವಾಗಿ ಹೇಳಿದ್ದಾರೆ. ಅಲ್ಲಿ ಅವರು ಬಳಸಿರುವ ಶಬ್ದವೂ ಸಂವಿಭಾಗವೇ.

ಇದು 9ನೆಯ ಶತಮಾನದ ಮಾತು. ಜೈನರಿಗೂ ಅನ್ವಯಿಸುವ ಹಿಂದೂ ಉತ್ತರಾಧಿಕಾರ ಅಧಿನಿಯಮ ಬಂದದ್ದು 1956ರಲ್ಲಿ. ಪಿತ್ರಾರ್ಜಿತ ಅವಿಭಕ್ತ ಆಸ್ತಿಯಲ್ಲಿ ಮಗಳು ಮಗನಂತೆ ಜನ್ಮತಃ ಹಕ್ಕುದಾರಳಾಗಲು ಅದು ಸಾಲಲಿಲ್ಲ. ಕರ್ನಾಟಕದ ತಿದ್ದುಪಡಿ 1994ರಲ್ಲಿ ಜಾರಿಗೆ ಬಂದಿತು, ಅದೂ ಅದಕ್ಕೆ ಮೊದಲು ಮದುವೆಯಾದವರನ್ನು ಹೊರಗಿಟ್ಟು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ತೆಗೆಯಿತು. ಆ ವರ್ಷ ತಂದೆ ಬದುಕಿರಲೇಬೇಕೆಂಬ ನಿರ್ಬಂಧವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ತೀರ್ಪಿತ್ತಿತು. ತುಳುನಾಡಿನ ಜೈನ ಮನೆತನಗಳ ಅಳಿಯಸಂತಾನ ಕಟ್ಟಿನಲ್ಲಿ ಆಸ್ತಿಯ ಹಾದಿ ಹೆಣ್ಣಿನ ಮೂಲಕವೇ ಸಾಗುತ್ತಿತ್ತೆಂಬುದು ಬೇರೆ ವಿಷಯ.

ಕಾನೂನು ಬಂದರೂ ರೂಢಿ ಹಿಂದೆ ಸರಿದಿಲ್ಲ. ಪಾಲುಪಟ್ಟಿಯ ಹೊತ್ತಿಗೆ ಅಕ್ಕತಂಗಿಯರನ್ನು ತವರಿಗೆ ಕರೆಸಿ, ಊಟ ಹಾಕಿ, ಉಡಿ ತುಂಬಿ, ಸೀರೆ ಕೊಟ್ಟು, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುವ ಮನೆಗಳು ಇಂದಿಗೂ ಉಂಟು. ಸಹೋದರಿಯು ಮನಃಪೂರ್ವಕವಾಗಿ ಬಿಟ್ಟುಕೊಟ್ಟರೆ ಅದು ಅವಳ ದತ್ತಿ, ಫಲವೂ ಅವಳದೇ. ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆಯಿಂದ ಸಹಿ ಬಿದ್ದರೆ? ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದೇ ಸ್ತೇಯವೆಂದು ತತ್ತ್ವಾರ್ಥಸೂತ್ರದ ಲಕ್ಷಣ. ಮುದ್ರಾಂಕದ ಕಾಗದದ ಮೇಲೆ ಹೆಬ್ಬೆಟ್ಟು ಇದ್ದ ಮಾತ್ರಕ್ಕೆ ಅದತ್ತವು ದತ್ತವಾಗುವುದೆಂದು ಯಾವ ಆಚಾರ್ಯರೂ ಹೇಳಿಲ್ಲ. ಒಂಟೆಗಳ ಒಗಟಿನಲ್ಲಿಯೂ ಮನೆಯ ಹೆಣ್ಣುಮಕ್ಕಳ ಸುಳಿವಿಲ್ಲ. ಬರೆಯದೆ ಉಳಿದ ಹದಿನೆಂಟನೆಯ ಪಾಲನ್ನು ಮೂವರು ಸಹೋದರರು ತಮ್ಮೊಳಗೆ ಹಂಚಿಕೊಂಡರು. ಅದಕ್ಕೆ ಬೇರೆ ಹಕ್ಕುದಾರರು ಇರಬಹುದೇ ಎಂದು ವೃದ್ಧನೂ ಕೇಳಲಿಲ್ಲ.

ಅದೇ ವೃದ್ಧನು ತನ್ನ ಒಂಟೆಯನ್ನು ಮರಳಿ ಪಡೆಯದೆ ಅಲ್ಲಿಯೇ ಬಿಟ್ಟನೆಂದೂ, ಮನೆಯಲ್ಲಿ ಇಬ್ಬರು ಗಂಡುಮಕ್ಕಳೂ ಒಬ್ಬಳು ಮಗಳೂ ಇದ್ದರೆಂದೂ ಇಟ್ಟುಕೊಂಡು ಜಿನಸೇನರ ಕ್ರಮದಲ್ಲಿ ಲೆಕ್ಕ ಹಾಕಬಹುದು. ಒಟ್ಟು 18. ಧರ್ಮಕ್ಕೆ ಮೂರರಲ್ಲೊಂದು, 6. ಮನೆಯ ನಿರ್ವಾಹಕ್ಕೆ ಮೂರರಲ್ಲೊಂದು, 6. ಉಳಿದ ಆರರಲ್ಲಿ ಹಿರಿಯ ಮಗನಿಗೆ 2, ಕಿರಿಯ ಮಗನಿಗೆ 2, ಮಗಳಿಗೆ 2. ಮಕ್ಕಳ ಪಾಲು ಒಂಬತ್ತರಲ್ಲಿ ಒಂದೊಂದು. ಕೂಡಿದರೆ 18, ಶಿಲ್ಕು ಏನೂ ಇಲ್ಲ.